ಉಳಿದದ್ದು ಬೇರೆ, ತೆಗೆದಿಟ್ಟದ್ದು ಬೇರೆ



ಕಳೆದ ವಾರ್ಷಿಕ ಮಹಾಸಭೆಯ ದಿನ ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ಹಿರಿಯರೊಬ್ಬರು, "ಏನು ಶೆಟ್ರೇ, ಅಮೆರಿಕಕ್ಕೆ ಹೋದವರು ಅಲ್ಲಿ ಇಗರ್ಜಿಯಲ್ಲಿ ಕೆಲಸಕ್ಕೆ ಸೇರಿದ್ದಿರಂತೆ ಹೌದೇ?" ಎಂದು ಕೇಳಿದರು. ಸುತ್ತ ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ನಮ್ಮ ಸಂಪಾದಕರು ಬಿಡಲಿಲ್ಲ. "ಅದನ್ನೇ ಬರೆದು ಕೊಡಿ" ಎಂದು ಬೆನ್ನು ಹಿಡಿದುದರ ಫಲ ಈ ಲೇಖನ. ನಾನು ಬರಹಗಾರನಲ್ಲ. ಗಲ್ಲೆಯಲ್ಲಿ ಕುಳಿತು ನಲ್ವತ್ತು ವರ್ಷ ಲೆಕ್ಕ ಬರೆದವನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ಕೆಲಸಕ್ಕೆ ಸೇರಿದ್ದು ನಿಜ. ಸಂಬಳ ಇಲ್ಲದ ಕೆಲಸ, ವಾರಕ್ಕೆ ಒಂದು ದಿನ, ಮೂರು ಗಂಟೆ. ಆದರೆ ಹೊಟೇಲು ಧಂದೆಯಲ್ಲಿ ಇಷ್ಟು ವರ್ಷ ಕಲಿಯದ ಒಂದು ಪಾಠವನ್ನು ಅಲ್ಲಿ ಕಲಿತೆ ಎಂದರೆ ಉತ್ಪ್ರೇಕ್ಷೆಯಲ್ಲ.

ಗುರುವಾರದ ಉಗ್ರಾಣ

2023ರ ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಸಮೀಪವಿರುವ ಚಾಂಡ್ಲರಿಗೆ ಹೋಗಿದ್ದೆವು. ಆಕೆಗೆ ಕೈತುಂಬ ಕೆಲಸ. ನನಗಾದರೋ ಬೆಳಗ್ಗೆ ನಾಲ್ಕೂವರೆಗೆ ಎದ್ದು ಶಟರ್ ಎತ್ತಿ ಅಭ್ಯಾಸ, ಅಲ್ಲಿ ಎತ್ತುವುದಕ್ಕೆ ಶಟರೇ ಇಲ್ಲ. ಹತ್ತು ದಿನದಲ್ಲಿ ಹುಚ್ಚು ಹಿಡಿಯುವುದೊಂದು ಬಾಕಿ. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ ಇದ್ದರು, ಎಪ್ಪತ್ತೈದು ದಾಟಿದ ಅಜ್ಜಿ. ನಾನು ಹೊಟೇಲಿನವನೆಂದು ಮಗಳಿಂದ ತಿಳಿದು, "ನಿಮ್ಮಂಥವರೇ ನಮಗೆ ಬೇಕು" ಎಂದು ಗುರುವಾರ ಬೆಳಗ್ಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿಯೇ ಬಿಟ್ಟರು.

ಹೋದದ್ದು ಅವರ ಚರ್ಚಿನ ಹಿಂಬದಿಯ ಹಾಲಿಗೆ. ಅದನ್ನು ಅಲ್ಲಿ ಫುಡ್ ಪ್ಯಾಂಟ್ರಿ ಎನ್ನುತ್ತಾರೆ. ಬೇಯಿಸಿದ ಊಟ ಬಡಿಸುವ ಜಾಗವಲ್ಲ ಅದು. ಕಷ್ಟದಲ್ಲಿರುವವರು ಮನೆಗೊಯ್ದು ಬೇಯಿಸಿಕೊಳ್ಳಲು ದಿನಸಿ ಕೊಡುವ ಜಾಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಉಗ್ರಾಣ. ಆ ದೇಶದಲ್ಲಿ ಇಂಥ ಉಗ್ರಾಣಗಳಲ್ಲಿ ಬಹಳಷ್ಟನ್ನು ಚರ್ಚುಗಳೇ ನಡೆಸುತ್ತವೆ. ಇವುಗಳಿಗೆ ದಿನಸಿ ಒದಗಿಸುವುದು ಫುಡ್ ಬ್ಯಾಂಕ್ ಎಂಬ ದೊಡ್ಡ ಗೋದಾಮುಗಳು. ಫೀಡಿಂಗ್ ಅಮೆರಿಕ ಎಂಬ ಒಕ್ಕೂಟದಡಿ ಅಂಥ ಸುಮಾರು 200 ಗೋದಾಮುಗಳಿವೆ, ಅವುಗಳ ಕೆಳಗೆ ಸುಮಾರು 60,000 ಉಗ್ರಾಣಗಳೂ ಅನ್ನ ಬಡಿಸುವ ಕೇಂದ್ರಗಳೂ ಇವೆ.

ಈ ಪದ್ಧತಿ ಹುಟ್ಟಿದ್ದೇ ಫೀನಿಕ್ಸ್ ನಗರದಲ್ಲಿ. ಜಾನ್ ವಾನ್ ಹೆಂಗೆಲ್ ಎಂಬವರು ಅಲ್ಲಿಯ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಂಸ್ಥೆಯ ಊಟದ ಮನೆಯಲ್ಲಿ ಸ್ವಯಂಸೇವಕರಾಗಿದ್ದರು. ಹತ್ತು ಮಕ್ಕಳ ತಾಯಿಯೊಬ್ಬಳು ಅಂಗಡಿಯವರು ಎಸೆದ ಡಬ್ಬಿಗಳನ್ನು ಹೆಕ್ಕಿ ಸಂಸಾರ ಸಾಗಿಸುವುದನ್ನು ಅವರು ಕಂಡರು. ಹಣ ಇಡಲು ಬ್ಯಾಂಕ್ ಇರುವಂತೆ ಆಹಾರ ಇಡಲೂ ತೆಗೆಯಲೂ ಒಂದು ಜಾಗ ಇದ್ದರೆ ಒಳ್ಳೆಯದಿತ್ತು ಎಂದು ಆಕೆ ಆಡಿದ ಮಾತೇ ಅವರಿಗೆ ದಾರಿ ತೋರಿಸಿತಂತೆ. ಸೈಂಟ್ ಮೇರಿ ಚರ್ಚಿನವರು 3,000 ಡಾಲರನ್ನೂ ಖಾಲಿ ಬಿದ್ದಿದ್ದ ಒಂದು ಕಟ್ಟಡವನ್ನೂ ಕೊಟ್ಟರು. 1967ರಲ್ಲಿ ಜಗತ್ತಿನ ಮೊದಲ ಫುಡ್ ಬ್ಯಾಂಕ್ ಅಲ್ಲಿ ಆರಂಭವಾಯಿತು. ಚರ್ಚಿನ ಹೆಸರನ್ನೇ ಅದಕ್ಕೆ ಇಟ್ಟರು, ಇಂದಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ.

ಹೊಟೇಲಿನವನಿಗೆ ಹೊಸತೇನಿಲ್ಲ

ಮೊದಲ ದಿನ ನನಗೆ ಸಿಕ್ಕಿದ ಕೆಲಸ ಡಬ್ಬಿಗಳನ್ನು ವಿಂಗಡಿಸುವುದು. ಉಬ್ಬಿದ ಡಬ್ಬಿ, ತುಕ್ಕು ಹಿಡಿದ ಡಬ್ಬಿ, ಜೋಡಣೆಯ ಅಂಚಿನಲ್ಲಿ ಜಜ್ಜಿದ ಡಬ್ಬಿ ಕಸದ ಬುಟ್ಟಿಗೆ. ಮೈಮೇಲೆ ಸಣ್ಣ ತಗ್ಗು ಬಿದ್ದಿದ್ದರೆ ಅಡ್ಡಿಯಿಲ್ಲ. ಹಳೆಯ ಸ್ಟಾಕ್ ಮುಂದಕ್ಕೆ, ಹೊಸದು ಹಿಂದಕ್ಕೆ. ಮೊಟ್ಟೆ, ಹಾಲು, ಚೀಸ್ ಇಟ್ಟ ಫ್ರಿಜ್ಜಿನ ಉಷ್ಣತೆಯನ್ನು ಆಗಾಗ ನೋಡಿ ಗೋಡೆಯ ಕಾಗದದಲ್ಲಿ ಬರೆಯಬೇಕು. ಇವೆಲ್ಲ ನಮ್ಮ ಸ್ಟೋರ್ ರೂಮಿನ ಪಾಠಗಳೇ. ಮೂರನೆಯ ವಾರಕ್ಕೆ ನಾನು ಅವರ ರ‍್ಯಾಕುಗಳನ್ನು ನಮ್ಮ ಪದ್ಧತಿಯಲ್ಲಿ ಜೋಡಿಸಿ ಕೊಟ್ಟೆ, ಭಾರದ ಚೀಲ ಕೆಳಗೆ, ಬೇಗ ಖಾಲಿಯಾಗುವ ವಸ್ತು ಕೈಗೆಟಕುವ ಎತ್ತರದಲ್ಲಿ. ಅಜ್ಜಿ ಎಲ್ಲರನ್ನೂ ಕರೆದು ತೋರಿಸಿದರು. ನಮ್ಮ ಹುಡುಗರು ದಿನಾ ಮಾಡುವ ಕೆಲಸಕ್ಕೆ ಅಲ್ಲಿ ಚಪ್ಪಾಳೆ ಸಿಕ್ಕಿತು!

ಹೊಸದಾಗಿ ಕಂಡದ್ದು ಬೇರೆ. ಹತ್ತು ಗಂಟೆಗೆ ಬಾಗಿಲು ತೆರೆದರೆ ಜನ ಸಾಲಾಗಿ ಒಳಬರುತ್ತಾರೆ. ಹೆಸರು, ಮನೆಯಲ್ಲಿ ಎಷ್ಟು ಮಂದಿ ಎಂದು ಬರೆಸಿಕೊಂಡು ಕೈಗೊಂದು ತಳ್ಳುಗಾಡಿ ಕೊಡುತ್ತಾರೆ, ದೊಡ್ಡ ಅಂಗಡಿಯಲ್ಲಿ ಕೊಡುವಂತೆ. ಇಬ್ಬರ ಮನೆಗೆ ಬೇಳೆಕಾಳು ಇಷ್ಟು, ಐವರ ಮನೆಗೆ ಇಷ್ಟು ಎಂದು ಚೀಟಿ ಅಂಟಿಸಿರುತ್ತದೆ. ಆ ಮಿತಿಯೊಳಗೆ ಯಾವುದು ಬೇಕೋ ಅದನ್ನು ಅವರೇ ಆರಿಸಿಕೊಳ್ಳಬೇಕು. ಬೇಡವಾದದ್ದನ್ನು ಬಿಡಬಹುದು. ನಾವು ಪಕ್ಕದಲ್ಲಿ ನಿಂತು, ಕೇಳಿದರೆ ಮಾತ್ರ ಹೇಳಬೇಕು. ಫೋಟೋ ತೆಗೆಯುವಂತಿಲ್ಲ.

ಹಿಂದೆ ಅಲ್ಲಿಯೂ ಎಲ್ಲರಿಗೂ ಒಂದೇ ಬಗೆಯ ಚೀಲ ತುಂಬಿ ಕೊಡುತ್ತಿದ್ದರಂತೆ. ಅದು ಬೇಗ ಮುಗಿಯುವ ಕೆಲಸ. "ಮತ್ತೆ ಯಾಕೆ ಬಿಟ್ಟಿರಿ?" ಎಂದು ಕೇಳಿದೆ. ಉತ್ತರ ಸಿಕ್ಕಿದ್ದು ಅಜ್ಜಿಯಿಂದಲ್ಲ, ಅದೇ ದಿನ ಸಾಲಿನಲ್ಲಿ ಬಂದ ಒಬ್ಬ ಮುದುಕಿಯಿಂದ.

ಆಕೆ ಭೂತಾನದ ನೇಪಾಳಿ. 1990ರ ದಶಕದ ಆರಂಭದಲ್ಲಿ ಭೂತಾನ ಬಿಡಬೇಕಾಗಿ ಬಂದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದವರನ್ನು ಅಮೆರಿಕ 2008ರಿಂದ ಕರೆಸಿಕೊಂಡು ನೆಲೆ ಕೊಟ್ಟಿತು. ಅವರಲ್ಲಿ ಕೆಲವರು ಈ ಊರಿಗೂ ಬಂದಿದ್ದಾರೆ. ಮುಂಬಯಿ ಹೊಟೇಲಿನ ಮಾಲಕರಿಗೆ ನೇಪಾಳಿ ಹುಡುಗರ ಜತೆ ಮಾತಾಡಿ ಬಾಯಿ ಪಳಗಿರುತ್ತದೆಯಷ್ಟೆ? ನನ್ನ ಹಿಂದಿಗೆ ನಾಲ್ಕು ನೇಪಾಳಿ ಶಬ್ದ ಬೆರೆಸಿ ಮಾತಾಡಿಸಿದೆ. ಆಕೆಯ ಮುಖ ಅರಳಿತು. ಹಿಂದೆ ಚೀಲ ಕೊಡುತ್ತಿದ್ದಾಗ ಅದರಲ್ಲಿ ದನದ ಮಾಂಸದ ಡಬ್ಬಿ ಇರುತ್ತಿತ್ತಂತೆ. ಬೇಡವೆನ್ನಲು ಭಾಷೆ ಬಾರದು, ಕೊಟ್ಟವರ ಮನಸ್ಸು ನೋಯಿಸಲೂ ಇಷ್ಟವಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರಾದರೂ ಒಯ್ಯಲಿ ಎಂದು ಇಟ್ಟು ಹೋಗುತ್ತಿದ್ದಳಂತೆ. ಈಗ ಅಕ್ಕಿ, ರಾಜ್ಮಾ, ಈರುಳ್ಳಿ, ಬಟಾಟೆ ಆರಿಸಿಕೊಂಡಿದ್ದಳು. "ದಾಲ್ ಭಾತ್ ಆಗುತ್ತದೆ" ಎಂದು ತಳ್ಳುಗಾಡಿ ತೋರಿಸಿದಳು.

ನಾವು ದುಡ್ಡು ಕೊಡುವ ಗಿರಾಕಿಗೆ ಮೆನು ಕಾರ್ಡ್ ಕೊಡುತ್ತೇವೆ. ಸಕ್ಕರೆ ಕಡಿಮೆ, ಈರುಳ್ಳಿ ಬೇಡ, ಸಾಂಬಾರ್ ಬೇರೆ ಬಟ್ಟಲಲ್ಲಿ, ಹೀಗೆ ನೂರು ಮಾತು ಕೇಳುತ್ತೇವೆ. ಬಿಟ್ಟಿಯಾಗಿ ಕೊಡುವಾಗ ಮಾತ್ರ, ಕೊಟ್ಟದ್ದನ್ನು ತಿನ್ನಬೇಕು ಎಂಬ ಭಾವನೆ ಎಲ್ಲಿಂದ ಬರುತ್ತದೆ?

ಮತದ ಮಾತು

ಊಟದ ಪಂಕ್ತಿಯಲ್ಲಿ ನಕ್ಕವರ ಮನಸ್ಸಿನಲ್ಲಿದ್ದ ಪ್ರಶ್ನೆ ನನಗೆ ಗೊತ್ತು. ಅಲ್ಲಿ ಮತದ ಪ್ರಚಾರ ನಡೆಯುವುದಿಲ್ಲವೇ? ಕಂಡದ್ದನ್ನೇ ಬರೆಯುತ್ತೇನೆ. ಬಾಗಿಲು ತೆರೆಯುವ ಮೊದಲು ಸ್ವಯಂಸೇವಕರು ವೃತ್ತಾಕಾರವಾಗಿ ನಿಂತು ಒಂದು ನಿಮಿಷ ಪ್ರಾರ್ಥಿಸುತ್ತಿದ್ದರು. ನಾನು ಕೈಮುಗಿದು ನಿಲ್ಲುತ್ತಿದ್ದೆ, ಮನಸ್ಸಿನಲ್ಲಿ ನಮ್ಮ ಊರ ದೇವರನ್ನು ನೆನೆಯುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಇತ್ತು, ತಮಗಾಗಿ ಪ್ರಾರ್ಥಿಸಬೇಕೆಂದು ಬಯಸುವವರು ಚೀಟಿ ಬರೆದು ಹಾಕಬಹುದು. ಹಾಕದವರಿಗೆ ಅಕ್ಕಿ ಕಡಿಮೆಯಾಗುತ್ತಿರಲಿಲ್ಲ. ಸರಕಾರದ ದಾಸ್ತಾನಿನಿಂದ ಬರುವ ಧಾನ್ಯವನ್ನು ಹಂಚುವಾಗ, ಪಡೆಯುವವರನ್ನು ಪ್ರಾರ್ಥನೆಗೆ ಒತ್ತಾಯಿಸಬಾರದು ಎಂದು ಅಲ್ಲಿ ನಿಯಮವೂ ಇದೆ.

ನಾವು ಕರಾವಳಿಯವರಿಗೆ ಇದು ಹೊಸತಾಗಬಾರದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಕ್ರೈಸ್ತರ ಮನೆಯಲ್ಲಿ ಹೊಸ ತೆನೆ, ಸಸ್ಯಾಹಾರದ ಊಟ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಬಾಯಮ್ಮ ಅಂದು ಬಾಳೆಲೆಯಲ್ಲಿ ಕಟ್ಟಿ ಕೊಟ್ಟ ಪಾಯಸ ತಿಂದವನು. ಧರ್ಮಸ್ಥಳದ ಅನ್ನಛತ್ರದಲ್ಲಿಯೂ ಪಂಕ್ತಿಯಲ್ಲಿ ಕುಳಿತವನ ಜಾತಿ ಮತ ಕೇಳುವುದಿಲ್ಲ. ಅನ್ನ ಕೊಡುವಲ್ಲಿ ಮತ ಕೇಳದಿರುವುದು ನಮ್ಮದೇ ಪದ್ಧತಿ. ಬೇರೆಯವರೂ ಹಾಗೆಯೇ ಮಾಡಿದರೆ ನಾವು ಸಂಶಯ ಪಡುವುದೇಕೆ?

ಎಲ್ಲವೂ ಸರಿಯಿದೆ ಎಂದೂ ಹೇಳಲಾರೆ. ಡಬ್ಬಿ ಆಹಾರದಲ್ಲಿ ಉಪ್ಪು, ಸಕ್ಕರೆ ವಿಪರೀತ. ಅಷ್ಟು ಶ್ರೀಮಂತ ದೇಶದಲ್ಲಿ 2023ನೇ ಸಾಲಿನಲ್ಲಿ ಶೇಕಡಾ 13.5ರಷ್ಟು ಕುಟುಂಬಗಳಿಗೆ ಆಹಾರದ ಭದ್ರತೆ ಇರಲಿಲ್ಲವೆಂದು ಅಲ್ಲಿಯ ಕೃಷಿ ಇಲಾಖೆಯೇ ಲೆಕ್ಕ ಕೊಟ್ಟಿದೆ. ಉಗ್ರಾಣ ಬಡತನವನ್ನು ನೀಗಿಸುವುದಿಲ್ಲ, ಒಂದು ವಾರ ದಾಟಿಸುತ್ತದೆ. ಆ ಒಂದು ವಾರದ ಬೆಲೆ ಏನೆಂದು ನನಗೆ ಅರಿವಾದದ್ದು ಫೆಬ್ರವರಿ ತಿಂಗಳ ಒಂದು ಗುರುವಾರ.

ಕರಿದೆಣ್ಣೆಯ ವಾಸನೆ

ಅಂದು ಸಾಲಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಬಂದ. ಮೆಕ್ಸಿಕೋ ಮೂಲದವನಿರಬೇಕು. ಅವನು ಹತ್ತಿರ ಬರುತ್ತಲೇ ನನಗೆ ವಾಸನೆ ಗೊತ್ತಾಯಿತು. ರಾತ್ರಿಯಿಡೀ ಕಾದ ಎಣ್ಣೆಯ ವಾಸನೆ, ಎಷ್ಟು ತೊಳೆದರೂ ಅಂಗಿಯಿಂದ ಬಿಡದ್ದು. ಮುಂಗೈಯಲ್ಲಿ ಸುಟ್ಟ ಗೆರೆಗಳು. ಕೇಳಿದೆ. ಹೌದು, ಹೊಟೇಲಿನಲ್ಲಿ ಕುಕ್. ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ಮನೆ ಬಾಡಿಗೆ ಕೊಟ್ಟ ಮೇಲೆ ಮಕ್ಕಳಿಗೆ ಸಾಲುವುದಿಲ್ಲ ಎಂದ. ಮೊಟ್ಟೆ, ಹಾಲು, ಬ್ರೆಡ್ಡು ಆರಿಸಿಕೊಂಡು, ಡ್ಯೂಟಿಗೆ ತಡವಾಗುತ್ತದೆಂದು ಅವಸರದಿಂದ ಹೋದ.

ಊರಿಗೆಲ್ಲ ಅಡಿಗೆ ಮಾಡಿ ಹಾಕುವವನು ತನ್ನ ಮನೆಯ ಅಡಿಗೆಗೆ ಸಾಲಿನಲ್ಲಿ ನಿಂತಿದ್ದ. ನನಗೆ ಅಂದು ಮತ್ತೆ ಕೆಲಸ ಮಾಡಲಾಗಲಿಲ್ಲ. ಯಾಕೆಂದರೆ ಅಂಥ ಒಬ್ಬನ ಲೆಕ್ಕ ನನ್ನ ಪುಸ್ತಕದಲ್ಲಿಯೂ ಬಾಕಿ ಇತ್ತು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ನನ್ನ ಹೊಟೇಲಿನಲ್ಲಿ ಹದಿನಾಲ್ಕು ಮಂದಿ ಕೆಲಸಕ್ಕಿದ್ದರು. ಎಂಟು ಮಂದಿ ಹೇಗೋ ಊರು ಸೇರಿದರು, ಆರು ಮಂದಿ ಕೋಣೆಯಲ್ಲಿಯೇ ಉಳಿದರು. ಮೊದಲ ತಿಂಗಳು ಅಕ್ಕಿ, ಬೇಳೆ, ಎಣ್ಣೆ ಕಳುಹಿಸಿದೆ. ಎರಡನೆಯ ತಿಂಗಳು ನನ್ನ ಬಾಡಿಗೆ, ಕರೆಂಟ್ ಬಿಲ್ಲು, ಬ್ಯಾಂಕ್ ಕಂತು ನೋಡಿ ತಲೆ ಕೆಟ್ಟಿತು. ಯಾರಾದರೂ ಸಂಸ್ಥೆಯವರು ಕೊಡುತ್ತಿರಬಹುದು ಎಂದು ಸುಮ್ಮನಾದೆ. ಮುಂಬಯಿಯಲ್ಲಿ ಕುಳಿತು ಉಣ್ಣುವುದಕ್ಕೆ ಹೊಟೇಲುಗಳು ಮತ್ತೆ ತೆರೆದದ್ದು ಅಕ್ಟೋಬರ್ 5ರಂದು. ಅದಾದ ಮೇಲೆ ಒಂದು ದಿನ ಮಾತಿನ ನಡುವೆ ನಮ್ಮ ಒಡಿಶಾದ ಮೋರಿ ಹುಡುಗ ಹೇಳಿದ, "ಸೇಟ್, ಮೇ ತಿಂಗಳಿನಿಂದ ಚರ್ಚಿನ ಹಾಲಿನಲ್ಲಿ ರೇಷನ್ ಕೊಡುತ್ತಿದ್ದರು, ನಾವು ಆರೂ ಜನ ಅಲ್ಲಿ ನಿಂತು ತರುತ್ತಿದ್ದೆವು." ಆ ಚರ್ಚು ನನ್ನ ಹೊಟೇಲಿನಿಂದ ಎರಡು ಗಲ್ಲಿ ಆಚೆ. ಅವನು ಅದನ್ನು ದೂರಾಗಿ ಹೇಳಲಿಲ್ಲ, ಸುದ್ದಿಯಾಗಿ ಹೇಳಿದ. ನಾನೂ ಸುದ್ದಿಯಂತೆಯೇ ಕೇಳಿ ಬಿಲ್ಲು ಹರಿಯುತ್ತಾ ಕುಳಿತೆ. ಆ ವರ್ಷ ನಾವು ಸಂಘದ ವತಿಯಿಂದ ಊಟದ ಪೊಟ್ಟಣ ಹಂಚಿದ್ದೆವು. ಹಂಚುವವರ ಸಾಲಿನಲ್ಲಿ ನಿಂತ ನನ್ನ ಫೋಟೋ ನಮ್ಮ ಇದೇ ಪತ್ರಿಕೆಯಲ್ಲಿ ಬಂದಿತ್ತು.

ರಾತ್ರಿ ಹನ್ನೆರಡರ ಅನ್ನದಾನ

ನಾವು ಕೊಡುವುದಿಲ್ಲ ಎಂದು ಯಾರೂ ಹೇಳಲಾರರು. ಹೊಟೇಲಿಗರ ಕೈ ದೊಡ್ಡದು. ಆದರೆ ನಾವು ಕೊಡುವುದರಲ್ಲಿ ಬಹುಪಾಲು ಉಳಿದದ್ದು. ರಾತ್ರಿ ಶಟರ್ ಎಳೆಯುವಾಗ ಹಿಂಬಾಗಿಲಿನಲ್ಲಿ ಕೊಡುವ ಬೆಳಗ್ಗಿನ ಇಡ್ಲಿ, ಹುಳಿ ಏರತೊಡಗಿದ ಸಾಂಬಾರ್. ಮದುವೆ ಆರ್ಡರ್ ಮಾಡುವ ಕೇಟರರ್ ಮಿತ್ರರಿಗೆ ಇನ್ನೊಂದು ಅನುಭವ ಇದ್ದೇ ಇದೆ. ರಿಸೆಪ್ಶನ್ ಮುಗಿದು ನೋಡಿದರೆ ಇನ್ನೂರು ಜನರ ಊಟ ಬಾಕಿ. ಆಗ ಅನಾಥಾಶ್ರಮಕ್ಕೆ ಫೋನ್.

ನಾನೂ ಹಾಗೆ ಮಾಡಿದವನೇ. ಕೆಲವು ವರ್ಷಗಳ ಹಿಂದೆ ರಾತ್ರಿ ಹನ್ನೆರಡಕ್ಕೆ ಒಂದು ಆಶ್ರಮದ ಬಾಗಿಲಿಗೆ ಟೆಂಪೋ ಕಳುಹಿಸಿದ್ದೆ. ಮರುದಿನ ಅಲ್ಲಿಯ ಮೇಲ್ವಿಚಾರಕಿ ಫೋನ್ ಮಾಡಿ ಬಹಳ ವಿನಯದಿಂದ ಹೇಳಿದರು, "ಅಣ್ಣಾ, ಮಕ್ಕಳು ಎಂಟೂವರೆಗೆ ಮಲಗುತ್ತಾರೆ. ಎಬ್ಬಿಸಿ ತಿನ್ನಿಸಲು ಮನಸ್ಸಾಗಲಿಲ್ಲ. ಇಡಲು ಅಷ್ಟು ದೊಡ್ಡ ಫ್ರಿಜ್ ಇಲ್ಲ. ಬೆಳಗ್ಗೆ ಪನೀರ್ ವಾಸನೆ ಬಂತು. ಎಸೆಯುವುದಕ್ಕೆ ಇಬ್ಬರು ಕೂಲಿಯವರನ್ನು ಕರೆಸಬೇಕಾಯಿತು. ಮುಂದಿನ ಸಲ ಸ್ವಲ್ಪ ಮೊದಲೇ ಹೇಳಿ." ನನ್ನ ಕಸವನ್ನು ಪುಣ್ಯವೆಂದು ಹೆಸರಿಟ್ಟು ಅವರ ಬಾಗಿಲಿಗೆ ಸಾಗಿಸಿದ್ದೆನಲ್ಲದೆ ಬೇರೇನೂ ಅಲ್ಲ.

ಉಳಿದದ್ದು ಬೇರೆ, ತೆಗೆದಿಟ್ಟದ್ದು ಬೇರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. 1974ರಲ್ಲಿ ಹದಿಮೂರನೇ ವಯಸ್ಸಿನಲ್ಲಿ ಮುಂಬಯಿಗೆ ಬಂದೆ. ಕೋಟೆ ಪರಿಸರದ ಒಂದು ಹೊಟೇಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಶಾಲೆ ಬಿಟ್ಟು ಬರುವಾಗ ರಾತ್ರಿ ಹತ್ತು ಕಳೆದಿರುತ್ತಿತ್ತು. ಪಾತ್ರೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ಒಬ್ಬರು ಅಡಿಗೆ ಭಟ್ಟರಿದ್ದರು, ಬಾಯಿ ಬಹಳ ಜೋರು. ಆದರೆ ಸಂಜೆ ಬಡಿಸಲು ಆರಂಭಿಸುವ ಮೊದಲೇ ಒಂದು ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ ಹಾಕಿ ಇನ್ನೊಂದು ತಟ್ಟೆ ಮುಚ್ಚಿ ಒಲೆಯ ಬದಿಯಲ್ಲಿ ಇಡುತ್ತಿದ್ದರು. ಗಿರಾಕಿಗಳ ರಶ್ ಎಷ್ಟೇ ಇರಲಿ, ಆ ತಟ್ಟೆಗೆ ಯಾರೂ ಕೈ ಹಚ್ಚುವಂತಿಲ್ಲ. ಅದು ಶಾಲೆಯ ಹುಡುಗನದ್ದು. ನಮ್ಮಲ್ಲಿ ಅನೇಕರು ಇಂಥ ಮುಚ್ಚಿಟ್ಟ ತಟ್ಟೆಯಿಂದಲೇ ಉಂಡು ಮೇಲೆ ಬಂದವರು. ಆ ಚಾಂಡ್ಲರಿನ ಉಗ್ರಾಣದಲ್ಲಿ ಮೂರು ತಿಂಗಳು ನಿಂತಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಭಟ್ಟರು.

ನಮ್ಮ ಸಂಘ ಏನು ಮಾಡಬಹುದು?

ಕೇವಲ ಟೀಕೆ ಮಾಡಿ ಲೇಖನ ಮುಗಿಸುವುದು ಸರಿಯಲ್ಲ. ಆದುದರಿಂದ ಕೆಲವು ಸಲಹೆಗಳನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಒಂದನೆಯದಾಗಿ, ಕೊಡುವ ಊಟವನ್ನು ಮೊದಲೇ ತೆಗೆದಿಡೋಣ. ಮದುವೆ ಆರ್ಡರಿನಲ್ಲಿ ಜನ ಎಷ್ಟು ಬರುತ್ತಾರೆಂಬುದು ಅನುಭವಿ ಕೇಟರರಿಗೆ ರಾತ್ರಿ ಎಂಟೂವರೆಗೇ ಅಂದಾಜಾಗುತ್ತದೆ. ಬಫೆ ಟೇಬಲ್ಲಿಗೆ ಹೋಗದ, ಅಡಿಗೆ ಮನೆಯಲ್ಲೇ ಇರುವ ಪಾತ್ರೆಯಿಂದ ಆಗಲೇ ಬೇರೆ ಮಾಡಬೇಕು. ಬಿಸಿ ಇರುವುದು 60 ಡಿಗ್ರಿಗಿಂತ ಮೇಲೆ, ತಣ್ಣಗಿರುವುದು 5 ಡಿಗ್ರಿಗಿಂತ ಕೆಳಗೆ ಎಂಬ ನಮ್ಮ ಪಾಠ ದಾನದ ಊಟಕ್ಕೂ ಅನ್ವಯ. ಮೊಸರನ್ನ, ಪನೀರ್, ತೆಂಗಿನಕಾಯಿ ಚಟ್ನಿಯಂಥವನ್ನು ಕೊಡದಿರುವುದೇ ಕ್ಷೇಮ. ಉಳಿದ ಆಹಾರದ ಹಂಚಿಕೆಯ ಬಗ್ಗೆ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಾವಳಿ ಮಾಡಿದ್ದು, ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಲೇಬಲ್, ದಾಖಲೆ ಇತ್ಯಾದಿ ಅದರಲ್ಲಿ ಹೇಳಿದೆ. ನಮ್ಮ ಲೈಸನ್ಸ್ ಸಲಹೆಗಾರರಿಂದ ಅದರ ಕನ್ನಡ ಸಾರಾಂಶ ಬರೆಸಿ ಈ ಪತ್ರಿಕೆಯಲ್ಲಿ ಪ್ರಕಟಿಸಿದರೆ ಎಲ್ಲರಿಗೂ ಉಪಯೋಗ.

ಎರಡನೆಯದಾಗಿ, ಕೊಡುವ ಮೊದಲು ಕೇಳೋಣ. ನಮ್ಮ ಹತ್ತಿರದ ಆಶ್ರಮ, ಆಸ್ಪತ್ರೆಯ ಹೊರಗೆ ಊಟ ಕೊಡುವವರು, ಗುರುದ್ವಾರ, ಚರ್ಚು, ಯಾರೇ ಇರಲಿ, ಒಮ್ಮೆ ಹೋಗಿ ನಿಮಗೆ ಯಾವ ದಿನ, ಎಷ್ಟು ಹೊತ್ತಿಗೆ, ಏನು ಬೇಕು ಎಂದು ಬರೆದುಕೊಂಡು ಬರಬೇಕು. ಹತ್ತು ನಿಮಿಷದ ಕೆಲಸ.

ಮೂರನೆಯದಾಗಿ, ಪಡೆಯುವವರ ಫೋಟೋ ಬೇಡ. ಬ್ಯಾನರ್ ಬೇಡ. ಸಂಪಾದಕರು ಕ್ಷಮಿಸಬೇಕು, ಪತ್ರಿಕೆಯ ಎರಡು ಪುಟ ಖಾಲಿಯಾದೀತು.

ನಾಲ್ಕನೆಯದು ಮುಖ್ಯ. ಸಂಘದ ಕಚೇರಿಯಲ್ಲಿ ಒಂದು ಕಪಾಟು ಇಡೋಣ. ಅಕ್ಕಿ, ತೊಗರಿಬೇಳೆ, ಹಿಟ್ಟು, ಎಣ್ಣೆ, ಚಾ ಹುಡಿ, ಸಕ್ಕರೆ, ಸಾಬೂನು. ಕೆಲಸ ತಪ್ಪಿದ, ಕಾಯಿಲೆ ಬಿದ್ದ, ಹೊಟೇಲು ಮುಚ್ಚಿ ಬೀದಿಗೆ ಬಿದ್ದ ನಮ್ಮ ಉದ್ಯಮದ ಕಾರ್ಮಿಕರು, ಯಾರ ಹೊಟೇಲಿನವರೇ ಆಗಲಿ, ಯಾವ ರಾಜ್ಯದವರೇ ಆಗಲಿ, ಬಂದು ತಮಗೆ ಬೇಕಾದದ್ದನ್ನು ಆರಿಸಿ ಒಯ್ಯಲಿ. ಇವರ ರೇಷನ್ ಕಾರ್ಡ್ ಊರಿನಲ್ಲಿ, ಹೊಟ್ಟೆ ಇಲ್ಲಿ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಊರಿನ ಕಾರ್ಡಿನಲ್ಲಿ ಹೆಸರಿದ್ದವರು ಇಲ್ಲಿಯ ರೇಷನ್ ಅಂಗಡಿಯಲ್ಲಿಯೂ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತು? ಅದನ್ನು ತಿಳಿಸಿ, ಆಧಾರ್ ಜೋಡಣೆಯಂಥ ಕೆಲಸಕ್ಕೆ ಅರ್ಧ ದಿನ ರಜೆ ಕೊಡುವುದೂ ಅನ್ನದಾನವೇ.

ಐದನೆಯದಾಗಿ, ಚೆಕ್ ಬರೆದು ಕೊಡುವುದರ ಜತೆಗೆ ತಿಂಗಳಿಗೆ ಎರಡು ಗಂಟೆ ಮಾಲಕರೇ ಹೋಗಿ ನಿಲ್ಲಬೇಕು. ಹುಡುಗರನ್ನು ಕಳುಹಿಸಿದರೆ ಲೆಕ್ಕಕ್ಕಿಲ್ಲ.

ಕೆಲವರು ಕೇಳಬಹುದು, ಗ್ಯಾಸ್ ದರ, ಬಾಡಿಗೆ, ಆನ್‌ಲೈನ್ ಕಂಪೆನಿಗಳ ಕಮಿಷನ್, ಕೆಲಸಗಾರರ ಅಭಾವ, ಇವುಗಳ ನಡುವೆ ನಮ್ಮ ಗತಿಯೇ ಹೀಗಿರುವಾಗ ಇದೆಲ್ಲ ಸಾಧ್ಯವೇ ಎಂದು. ಪ್ರಶ್ನೆ ನ್ಯಾಯವಾದದ್ದೇ. ಒಳ್ಳೆಯ ಸಂಬಳ, ಸರಿಯಾದ ಕೋಣೆ, ಕಾಯಿಲೆಗೆ ಔಷಧ ಕೊಟ್ಟರೆ ಕಪಾಟಿನ ಅಗತ್ಯವೇ ಬೀಳದು ಎಂದೂ ಇನ್ನು ಕೆಲವರು ಹೇಳಬಹುದು. ಅದು ಇನ್ನೂ ನ್ಯಾಯವಾದದ್ದು. ಆ ಚರ್ಚೆಯೂ ಸಭೆಯಲ್ಲಿ ಆಗಲಿ. ಅಲ್ಲಿಯ ತನಕ ಕಪಾಟಿನಲ್ಲಿ ಅಕ್ಕಿ ಇರಲಿ.

ಎರಡು ಗಲ್ಲಿ ಆಚೆ

ಅಮೆರಿಕದಿಂದ ಹಿಂದಿರುಗಿದ ಮೇಲೆ ಒಂದು ದಿನ ಧೈರ್ಯ ಮಾಡಿ ಎರಡು ಗಲ್ಲಿ ಆಚೆಯ ಆ ಚರ್ಚಿಗೆ ಹೋದೆ, ಎರಡು ಮೂಟೆ ಅಕ್ಕಿ ಹೊರಿಸಿಕೊಂಡು. 2020ರಲ್ಲಿ ನನ್ನ ಆರು ಹುಡುಗರಿಗೆ ರೇಷನ್ ಕೊಟ್ಟಿದ್ದಿರಿ, ಧನ್ಯವಾದ ಹೇಳಲು ಬಂದೆ ಎಂದೆ. ಅಲ್ಲಿಯ ಉಸ್ತುವಾರಿ ನೋಡುವ ಹೆಂಗಸು ಅಕ್ಕಿಯನ್ನು ಒಳಗಿಡಿಸಿ, "ಆವಾಗ ಬಂದವರ ಹೆಸರೆಲ್ಲ ನೆನಪಿಲ್ಲ. ಅಕ್ಕಿ ಹೇಗೂ ಬರುತ್ತದೆ. ಪ್ಯಾಕ್ ಮಾಡಲು ಜನ ಸಾಲುವುದಿಲ್ಲ, ನಿಮಗೆ ಸಮಯ ಉಂಟೋ?" ಎಂದು ಕೇಳಿದರು. ಅಂದಿನಿಂದ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಾನು ಅಲ್ಲಿರುತ್ತೇನೆ. ಆ ಒಡಿಶಾದ ಹುಡುಗ ಈಗ ನಮ್ಮಲ್ಲಿ ದೋಸೆ ಮಾಡುತ್ತಾನೆ. ಒಂದೆರಡು ಸಲ ಅವನೂ ಬಂದಿದ್ದಾನೆ, ನಾನು ಕರೆದದ್ದಲ್ಲ.

ಅಲ್ಲಿ ಎಲ್ಲರಿಗೂ ಒಂದೇ ಕಿಟ್ ಕೊಡುತ್ತಿದ್ದರು. ಮೂರನೆಯ ತಿಂಗಳು ನಾನು, ಒಂದು ಮೇಜಿನ ಮೇಲೆ ತೊಗರಿ, ಹೆಸರು, ಮಸೂರ ಮೂರೂ ಬೇಳೆ ಇಟ್ಟು ಬೇಕಾದದ್ದನ್ನು ಆರಿಸಲು ಬಿಟ್ಟರೆ ಹೇಗೆ ಎಂದು ಕೇಳಿದೆ. ತಡವಾಗುತ್ತದೆ ಎಂದರು. ಒಂದು ತಿಂಗಳು ನೋಡೋಣ ಎಂದು ಒಪ್ಪಿದರು. ಆ ಶನಿವಾರ ಸಾಲು ಮೇಜಿನ ಹತ್ತಿರ ಬಂದು ನಿಂತಿತು. ಮೊದಲನೆಯವಳು ಮನೆಗೆಲಸ ಮಾಡುವ ಒಬ್ಬ ಹೆಂಗಸು. ಮೂರು ರಾಶಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಕೈ ಮುಂದೆ ಬರಲಿಲ್ಲ. "ಯಾವುದು ಬೇಕು ಬಾಯಿ?" ಎಂದೆ. "ಯಾವುದಾದರೂ ನಡೆಯುತ್ತದೆ" ಎಂದಳು. "ಹಾಗಲ್ಲ, ನಿಮ್ಮ ಮನೆಯಲ್ಲಿ ಯಾವುದು ತಿನ್ನುತ್ತಾರೆ?" ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮಗನಿಗೆ ಹೆಸರುಬೇಳೆ ಇಷ್ಟ" ಎಂದು ಎರಡು ಪೊಟ್ಟಣ ಎತ್ತಿಕೊಂಡಳು.

ತಡವಾದದ್ದು ಹೌದು, ಇಪ್ಪತ್ತು ನಿಮಿಷ. ಮುಂದಿನ ತಿಂಗಳಿನಿಂದ ಮೇಜು ಹಾಗೆಯೇ ಮುಂದುವರಿದಿದೆ.

ಕಪಾಟಿನ ವಿಷಯವನ್ನು ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಅಧ್ಯಕ್ಷರಿಗೆ ಪತ್ರ ಕೊಟ್ಟಿದ್ದೇನೆ. ಮೊದಲ ತಿಂಗಳ ಅಕ್ಕಿ ನನ್ನ ಲೆಕ್ಕದಲ್ಲಿ. ಬೇಳೆ ಯಾರು ಕೊಡುತ್ತೀರಿ ಎಂದು ಸಭೆಯಲ್ಲಿ ಹೇಳಿದರೆ ಸಾಕು.